ಕೊಲೆಯ ಸಾಲು ಖಾಲಿ

ಲಂಡನ್ನು, ೧೬೬೫. ಮೇ ೯, ಮಂಗಳವಾರ

ಹಾಳು ಮಂಗಳವಾರ. ನನ್ನಂತೆ ಊರಿನ ಎಲ್ಲ ಚರ್ಚುಗಳ ಗುಮಾಸ್ತರೂ ತಮ್ಮ ತಮ್ಮ ಕೇರಿಯ ವಾರದ ಸಾವುಗಳನ್ನು ಇವತ್ತು ಬರೆದು ಕೊಡಬೇಕು. ಗುರುವಾರ ಅದು ಅಚ್ಚಾಗಿ ಬರುತ್ತದೆ. ಜ್ವರಕ್ಕೆ ಇಷ್ಟು, ಕ್ಷಯಕ್ಕೆ ಇಷ್ಟು, ನೀರಿಗೆ ಬಿದ್ದವರು ಇಷ್ಟು, ಕೊಲೆಯಾದವರು ಇಷ್ಟು. ಜನ ಪಟ್ಟಿ ಕೊಂಡು, ಊರಲ್ಲಿರುವುದೋ ಬಿಟ್ಟು ಓಡುವುದೋ ಎಂದು ನೋಡಿಕೊಂಡು ಬಿಸಾಡುತ್ತಾರೆ. ನಾನು ಬಿಸಾಡುವುದಿಲ್ಲ. ಇಪ್ಪತ್ತೆರಡು ವರ್ಷದ ಪಟ್ಟಿಗಳು ನನ್ನ ಹಳೆಯ ಗುಂಡಿ ಪೆಟ್ಟಿಗೆಯಲ್ಲಿವೆ. ಅಂಗಿಗುಂಡಿ ಮಾರುತ್ತಿದ್ದ ಪೆನ್ನಿಕ್‌ಗೆ ಈಗ ಹೆಣದ ಹುಚ್ಚು ಹಿಡಿದಿದೆ ಎಂದು ಕೇರಿಯವರು ನಗುತ್ತಾರೆ. ನಗಲಿ. ನೂರು ಮಕ್ಕಳು ಹುಟ್ಟಿದರೆ ಮೂವತ್ತೊಂಬತ್ತು ಮಕ್ಕಳು ಆರು ವರ್ಷ ಕಾಣುವುದಿಲ್ಲ ಎಂದು ಈ ಊರಲ್ಲಿ ಇನ್ಯಾರಿಗೆ ಗೊತ್ತು? ರಾಜನಿಗೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಕೇರಿಯಲ್ಲಿ ಒಂದೂ ಕೊಲೆಯಾಗಿಲ್ಲ ಎಂಬುದೂ ನನ್ನ ಕೋಷ್ಟಕದಿಂದಲೇ ತಿಳಿದದ್ದು. ಚಳಿಗಾಲದೊಳಗೆ ಪುಸ್ತಕ ಮುಗಿಸಬೇಕು.

ಬೆಳಿಗ್ಗೆ ಕ್ರೌಚ್ ಮುದುಕಿ ಹನ್ನೊಂದು ಹೆಣಗಳ ವರದಿ ತಂದಳು. ಸಾವಿನ ಗಂಟೆ ಬಾರಿಸಿದ ಮೇಲೆ ಆ ಮನೆಗೆ ಹೋಗಿ, ಹೆಣದ ಮೈ ನೋಡಿ, ಯಾವ ಕಾಯಿಲೆ ಎಂದು ನನಗೆ ಹೇಳುವುದು ಅವಳ ಕೆಲಸ. ಗತಿಯಿಲ್ಲದ ವಿಧವೆಯರಿಗೆ ಚರ್ಚು ಕೊಡುವ ಕೆಲಸ ಅದು.

"ಜ್ವರ ಐದು, ಹಲ್ಲು ಮೂರು, ಕ್ಷಯ ಎರಡು, ಮುಪ್ಪು ಒಂದು," ಎಂದಳು. ಬಿಯರಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

ಹಲ್ಲು ಎಂದರೆ ಹಲ್ಲು ಬರುವಾಗ ಸಾಯುವ ಹಸುಗೂಸುಗಳು. ಮೇ ತಿಂಗಳ ಒಂದೇ ವಾರದಲ್ಲಿ ಹಲ್ಲಿಗೆ ಮೂರು ಮಕ್ಕಳು ಸತ್ತದ್ದು ಇಪ್ಪತ್ತೆರಡು ವರ್ಷದಲ್ಲಿ ಇಲ್ಲ. ಜನ ಪ್ಲೇಗನ್ನು ಮುಚ್ಚಿಡಲು ಶುರುಮಾಡಿದಾಗಲೆಲ್ಲ ಜ್ವರದ ಸಾಲೂ ಹಲ್ಲಿನ ಸಾಲೂ ಊದಿಕೊಳ್ಳುತ್ತವೆ. ಇದನ್ನು ಕಂಡುಹಿಡಿದವನು ನಾನು.

"ಇದರಲ್ಲಿ ಪ್ಲೇಗು ಎಷ್ಟು?"

"ಒಂದೂ ಇಲ್ಲ ಸ್ವಾಮಿ."

"ಯಾರ ಮನೆ ಬಿಯರು ಕುಡಿದು ಬಂದೆ?"

"ಯಾರ ಮನೇದಾದ್ರೇನು, ಒಳಗೆ ಹೋದ್ಮೇಲೆ ನಂದೇ ಅಲ್ವಾ?"

ನಾನು ಸಿಟ್ಟಿನ ಮನುಷ್ಯನಲ್ಲ. ಮಣಿಕಟ್ಟು ಹಿಡಿದೆ, ಅಷ್ಟೆ. ಸ್ವಲ್ಪ ತಿರುಚಿರಬಹುದು. ಅಯ್ಯಯ್ಯೋ ಎಂದು ಕೂಗಿಕೊಂಡು ಬಾಯಿಬಿಟ್ಟಳು: ಕೈಗವಸು ಹೊಲಿಯುವ ಲಡ್ಕಿನ್‌ನ ಮನೆಯ ಕೆಲಸದ ಹುಡುಗಿ ಪ್ಲೇಗಿನಿಂದ ಸತ್ತಿದ್ದಾಳೆ, ಕಂಕುಳಲ್ಲಿ ಮೊಟ್ಟೆ ಗಾತ್ರದ ಗೆಡ್ಡೆ.

"ಪ್ಲೇಗು ಅಂದ್ರೆ ಬಾಗಿಲಿಗೆ ಬೀಗ ಜಡಿತಾರೆ ಸ್ವಾಮಿ. ನಲವತ್ತು ದಿನ ಒಬ್ಬರನ್ನೂ ಆಚೆ ಬಿಡಲ್ಲ. ಸತ್ತೋಳು ಒಬ್ಳು, ಒಳಗೆ ಏಳು ಜನ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದಾರೆ. ಅವ್ರನ್ನೂ ಕೊಲ್ಲು ಅಂತೀರಾ?"

"ಕೊಲ್ಲೋದು ಬದುಕಿಸೋದು ದೇವರ ಕೆಲಸ. ನಿಂದು ನೋಡೋದು, ನಂದು ಬರೆಯೋದು."

ಪ್ಲೇಗು ಒಂದು ಎಂದು ಬರೆದೆ. ಈ ವರ್ಷ ನಮ್ಮ ಕೇರಿಯಲ್ಲಿ ಇದೇ ಮೊದಲನೆಯದು.

ಮೇ ೧೨, ಶುಕ್ರವಾರ

ಲಡ್ಕಿನ್ ಮನೆಗೆ ಬೀಗ ಬಿತ್ತು. ಬಡಗಿ ಕೆಳಗಿನ ಕಿಟಕಿಗಳಿಗೆ ಹಲಗೆ ಹೊಡೆದ, ಬಾಗಿಲ ಮೇಲೆ ಕೆಂಪು ಶಿಲುಬೆ ಬರೆದದ್ದಾಯಿತು. ಈಟಿ ಹಿಡಿದ ಸ್ಟಾರ್ಕಿ ಹಗಲು ಕಾವಲಿಗೆ ನಿಂತ. ಲಡ್ಕಿನ್‌ನ ಹೆಂಡತಿ ಮಾಳಿಗೆ ಕಿಟಕಿಯಿಂದ, "ನಿನ್ನ ಮನೆ ಹಾಳಾಗ ಪೆನ್ನಿಕ್, ನಿನ್ನ ಬಾಗಿಲಿಗೂ ಈ ಬಣ್ಣ ಬಳೀಲಿ!" ಎಂದು ಕಿರುಚುತ್ತ ಹೇಲಿನ ಪಾತ್ರೆ ನನ್ನ ತಲೆಯ ಮೇಲೆ ಸುರಿದಳು. ಬೀದಿಯವರು ಹೋ ಎಂದರು. ಯಾರೋ ಇಟ್ಟಿಗೆ ಚೂರು ಎಸೆದ, ಕಿವಿ ಹರಿಯಿತು. ಕೋಲು ಬೀಸಿದೆ. ಯಾರಿಗೆ ತಗುಲಿತೋ ನೋಡಲಿಲ್ಲ, ಮೂಳೆಯ ಸದ್ದಂತೂ ಕೇಳಿಸಿತು.

ಕೋಲು ಚೆನ್ನಾಗಿದೆ. ಚರ್ಚಿನ ಹಿರಿಯರು ಹೋದ ವರ್ಷ ಕೊಟ್ಟದ್ದು, ತುದಿಗೆ ಕಬ್ಬಿಣದ ಬಳೆ ಇದೆ.

ಮೇ ೧೪, ಭಾನುವಾರ

ಪೂಜೆಯಾದ ಮೇಲೆ ಮಗಳು ಪೇಶೆನ್ಸ್ ಮಗುವನ್ನು ಎತ್ತಿಕೊಂಡು ಬಂದಳು. ಗಿಲ್ಬರ್ಟನೂ ಬಂದಿದ್ದ. ಪೀಪಾಯಿ ಮಾಡುವವನಾದರೂ ಒಳ್ಳೆಯ ಅಳಿಯ. ಮಾತು ಕಡಿಮೆ, ಊಟ ಜಾಸ್ತಿ. ಮೊಮ್ಮಗಳು ಟ್ಯಾಮ್ಸಿನ್‌ಗೆ ಹನ್ನೊಂದು ತಿಂಗಳು. ಹಳೇ ಗುಂಡಿಗಳನ್ನು ಬಟ್ಟಲಲ್ಲಿ ಹಾಕಿ ಗಲಗಲ ಮಾಡುತ್ತಾಳೆ. ಇವತ್ತು ಕೋಲಿನ ಹಿಡಿಯನ್ನು ಬಾಯಿಗಿಟ್ಟು ಕಚ್ಚಿದಳು ನೋಡು, ಪುಟ್ಟ ಹಲ್ಲು ಎರಡರ ಗುರುತು ಮರದಲ್ಲೇ ಕೂತುಬಿಟ್ಟಿದೆ.

"ಅಪ್ಪಾ, ಬೈಬೇಡ. ಹಲ್ಲು ಬರೋವಾಗ ವಸಡು ಕೆರೀತದೆ," ಎಂದಳು ಪೇಶೆನ್ಸ್.

ಬೈಯುತ್ತೇನೆಯೇ? ಇಡೀ ಮಧ್ಯಾಹ್ನ ಕೋಲು ಅವಳ ಕೈಯಲ್ಲೇ ಇತ್ತು.

ಜೂನ್ ೮, ಗುರುವಾರ

ಲಡ್ಕಿನ್ ಮನೆಯವರು ಕಾವಲು ತಪ್ಪಿಸಿ ಹೊರಬಿದ್ದರು. ಮಾಳಿಗೆಯಿಂದ ಹಗ್ಗದ ಕುಣಿಕೆ ಇಳಿಬಿಟ್ಟು, ಕೆಳಗೆ ತೂಕಡಿಸುತ್ತಿದ್ದ ಸ್ಟಾರ್ಕಿಯ ಕತ್ತಿಗೆ ಹಾಕಿ ಎಳೆದರಂತೆ. ಅವನು ಕಾಲು ಬಡಿಯುತ್ತ ಗೋಡೆಗೆ ನೇತಾಡುವಾಗ ಹೆಂಗಸು ಮಕ್ಕಳು ಹಿತ್ತಿಲ ಗೋಡೆ ಹಾರಿದರು. ಕಡೆಗೆ ಇಳಿದವನು ಲಡ್ಕಿನ್. ಅಷ್ಟರಲ್ಲಿ ಹಗ್ಗ ಸಡಿಲಾಗಿ ಸ್ಟಾರ್ಕಿ ನೆಲಕ್ಕೆ ಬಿದ್ದ, ಎದ್ದ, ಈಟಿಯನ್ನು ಲಡ್ಕಿನ್‌ನ ಹೊಟ್ಟೆಗೆ ಹಾಕಿ ಬೆನ್ನಿನಿಂದ ತೆಗೆದ. ನಾನು ಹೋಗುವ ಹೊತ್ತಿಗೆ ಆ ಮನುಷ್ಯ ತನ್ನ ಕರುಳನ್ನು ಎರಡೂ ಕೈಯಲ್ಲಿ ಒಳಗೆ ತುಂಬಿಕೊಳ್ಳುತ್ತ ಚರಂಡಿ ಪಕ್ಕ ಕೂತಿದ್ದ. ಅರ್ಧ ತಾಸು ಬದುಕಿದ್ದ.

ಕ್ರೌಚ್ ಹೆಣ ನೋಡಿ ಎದ್ದು ನಿಂತು, "ಕೊಲೆ, ಒಂದು," ಎಂದಳು.

ಕೊಲೆ ಎಂದು ಬರೆದರೆ ವಿಚಾರಣೆ, ಪಂಚರು, ಸ್ಟಾರ್ಕಿಗೆ ನೇಣು. ಆಮೇಲೆ ಕಾವಲಿಗೆ ಯಾರು ನಿಲ್ಲುತ್ತಾರೆ? ಅಲ್ಲದೆ ಬೀಗ ಹಾಕಿದ ಮನೆಯಲ್ಲಿ ಸತ್ತವರೆಲ್ಲ ಪ್ಲೇಗಿನ ಲೆಕ್ಕವೇ ಎಂದು ಹಿರಿಯರು ಹೇಳಿದ್ದಾರೆ. ಲಡ್ಕಿನ್ ಆ ಮನೆಯವನೇ. ಪ್ಲೇಗು ಎಂದು ಬರೆದೆ.

"ಹೊಟ್ಟೇಲಿ ಈಟಿ ಹೊಕ್ಕಿದ್ದೂ ಪ್ಲೇಗೇನಾ ಸ್ವಾಮಿ?"

"ಪ್ಲೇಗು ಮನೆಯವನು, ಪ್ಲೇಗು."

"ಅಬ್ಬಾ, ಕಲಿಯೋದು ಬಹಳ ಇದೆ ನಿಮ್ಮತ್ರ," ಎಂದು ಹಲ್ಲು ಕಿರಿದಳು. ಒಂದು ಕೊಟ್ಟೆ. ಕಿವಿಯ ಹತ್ತಿರ ತಾಗಿತು. ಇಂಥವರನ್ನು ಹದ್ದುಬಸ್ತಿನಲ್ಲಿಡದಿದ್ದರೆ ಪಟ್ಟಿ ಕೆಡುತ್ತದೆ.

ಜುಲೈ ೧೩, ಗುರುವಾರ

ನಾಯಿ ಬೆಕ್ಕುಗಳನ್ನೆಲ್ಲ ಕೊಲ್ಲಬೇಕೆಂದು ನಗರದ ಆಜ್ಞೆಯಾಗಿದೆ, ಪ್ಲೇಗು ಹರಡುವುದು ಅವುಗಳಿಂದಲಂತೆ. ಗಿಲ್ಬರ್ಟ್ ತನ್ನ ನಾಯಿ ಟರ್ಕನನ್ನು ಪೀಪಾಯಿಯೊಳಗೆ ಬಚ್ಚಿಟ್ಟಿದ್ದ. ಗುಮಾಸ್ತನ ಮಗಳ ಮನೆಯಲ್ಲೇ ನಾಯಿ ಇಟ್ಟುಕೊಂಡರೆ ಜನ ಏನೆಂದಾರು? ನಾನೇ ಹೋಗಿ ಎಳೆದು ತಂದೆ. ಬಾಲ ಅಲ್ಲಾಡಿಸಿತು. ಎರಡು ಏಟಿಗೆ ಸತ್ತಿತು. ಮೂರನೆಯದು ಬೇಕಿರಲಿಲ್ಲ.

ಟ್ಯಾಮ್ಸಿನ್ ತೊಟ್ಟಿಲಿನ ಕೆಳಗೇ ಮಲಗುತ್ತಿದ್ದ ನಾಯಿ. ಮಗು ಬಿಕ್ಕಿ ಬಿಕ್ಕಿ ಅತ್ತಿತು. ಬೇರೆ ಆಟಿಕೆ ಕೊಡಿಸಿದರಾಯಿತು.

ಜುಲೈ ೧೭, ಸೋಮವಾರ

ಟ್ಯಾಮ್ಸಿನ್ ಹೋದಳು. ಮೂರು ದಿನ ಮೈ ಕಾದು, ಇವತ್ತು ಬೆಳಿಗ್ಗೆ ಎರಡು ಸಲ ಸೆಟೆದುಕೊಂಡು ಹೋದಳು.

ನಾನು ಹೋದಾಗ ಕ್ರೌಚ್ ಆಗಲೇ ಅಲ್ಲಿದ್ದಳು. ಕಿಟಕಿಗಳನ್ನೆಲ್ಲ ಮುಚ್ಚಿ ಕೋಣೆ ಕತ್ತಲು ಮಾಡಿದ್ದರು. ಪೇಶೆನ್ಸ್ ಗೋಡೆಗೆ ಹಣೆ ಆನಿಸಿ ನಿಂತಿದ್ದಳು.

"ಹಲ್ಲು," ಎಂದಳು ಕ್ರೌಚ್. "ದವಡೆ ನೋಡಿ, ವಸಡು ಒಡೆದು ನಾಲ್ಕು ಹಲ್ಲು ಒಟ್ಟಿಗೆ ನುಗ್ಗಿದ್ದಾವೆ. ಪಾಪದ ಕೂಸು."

ಜುಲೈ ತಿಂಗಳಲ್ಲಿ ಹಲ್ಲು ಎಂದು ಹೇಳುವ ಎಷ್ಟು ಮುದುಕಿಯರನ್ನು ನಾನು ನೋಡಿಲ್ಲ! ನಾನು ಗುಮಾಸ್ತ, ಇದು ನನ್ನ ಮಗಳ ಮನೆ, ಅದಕ್ಕೇ ಬೆಣ್ಣೆ ಹಚ್ಚುತ್ತಿದ್ದಾಳೆ ಎನಿಸಿತು. ಕೋಲಿನ ತುದಿಯಿಂದ ಹೊದಿಕೆ ಎತ್ತಿದೆ. ಹೊಟ್ಟೆ, ತೊಡೆಯ ಮೇಲೆಲ್ಲ ಕೆಂಪು ಚುಕ್ಕೆಗಳು. ಪ್ಲೇಗಿನ ಚುಕ್ಕೆ.

"ಅವು ಅದಲ್ಲ ಸ್ವಾಮಿ," ಎಂದಳು. ನಾನು ಕೋಲು ಎತ್ತಿದೆ. ಕಿವಿಗೆ ಕೈ ಅಡ್ಡ ಹಿಡಿದುಕೊಂಡು, "ಆಯ್ತು, ಆಯ್ತು, ನೀವು ಹೇಳಿದ್ದೇ ಸರಿ," ಎಂದಳು.

ಪೇಶೆನ್ಸ್ ನನ್ನ ಕಾಲು ಹಿಡಿದುಕೊಂಡಳು. "ಅಪ್ಪಾ, ಹಲ್ಲು ಅಂತ ಬರಿ ಅಪ್ಪಾ. ಅದು ನಿಜ. ಕೋಲು ಕಚ್ಚಿದ್ದು ನೀನೇ ನೋಡ್ಲಿಲ್ವಾ? ನಮ್ಮನ್ನ ಒಳಗೆ ಹಾಕ್ಬೇಡ. ಒಳಗೆ ಹಾಕಿದೋರು ಯಾರು ಆಚೆ ಬಂದಿದಾರೆ?"

"ಎಲ್ಲರ ಮಗಳೂ ಹೀಗೇ ಕೇಳಿದಾಳೆ. ಅವರಿಗೊಂದು ನಿಂಗೊಂದು ಮಾಡಿದ್ರೆ ನನ್ನ ಪಟ್ಟಿಗೆ ಉಗೀತಾರೆ."

"ಪಟ್ಟಿಗಾ?" ಎಂದ ಗಿಲ್ಬರ್ಟ್. ಅವನು ನನ್ನೆದುರು ದನಿ ಎತ್ತಿದ್ದು ಇದೇ ಮೊದಲು. ಕೈಯಲ್ಲಿ ಪೀಪಾಯಿಗೆ ಕಬ್ಬಿಣದ ಪಟ್ಟಿ ಬಡಿಯುವ ಸುತ್ತಿಗೆ ಇತ್ತು. "ಆಚೆ ನಡೀರಿ ಮಾವ. ಇಲ್ಲದಿದ್ರೆ ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ."

ಆಚೆ ಬಂದೆ. ಬೀಗ ಹಾಕಿಸಿದೆ. ಕಾವಲಿಗೆ ಸ್ಟಾರ್ಕಿಯನ್ನೇ ಕರೆಸಿದೆ; ಅವನಷ್ಟು ನಂಬಿಕಸ್ತ ಇನ್ನೊಬ್ಬನಿಲ್ಲ.

ಜುಲೈ ೧೮, ಮಂಗಳವಾರ

ಪ್ಲೇಗು ಹದಿನೇಳು. ಹಲ್ಲು ಇಲ್ಲ.

ಮೂವತ್ತೊಂಬತ್ತರಲ್ಲಿ ಅವಳೂ ಒಬ್ಬಳಾದಳು. ಉಣ್ಣಲು ಆಗಲಿಲ್ಲ.

ಜುಲೈ ೩೦, ಭಾನುವಾರ

ರೊಟ್ಟಿ, ಗಿಣ್ಣು, ಒಂದು ಕೋಳಿ ತೆಗೆದುಕೊಂಡು ಹೋಗಿ, ಮಾಳಿಗೆ ಕಿಟಕಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿಟ್ಟೆ. ಪೇಶೆನ್ಸ್ ಹಗ್ಗ ಎಳೆದುಕೊಂಡಳು.

"ಹೇಗಿದೀಯಮ್ಮಾ?"

"ಚೆನ್ನಾಗಿದೀವಿ. ನೀವು ಬರ್ಕೊಳ್ಳೋಕೆ ಏನೂ ಇಲ್ಲ, ಹೋಗಿ."

ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳು ಬಹುವಚನ ಹಚ್ಚಿದಳು. ಸ್ಟಾರ್ಕಿ ಮುಸಿಮುಸಿ ನಕ್ಕ. ಲಡ್ಕಿನ್‌ನ ಹಗ್ಗದ ಗುರುತು ಅವನ ಕತ್ತಿನ ಸುತ್ತ ಇನ್ನೂ ಇದೆ. ಅಂದಿನಿಂದ ಕಿಟಕಿಯಲ್ಲಿ ಯಾರ ಕೈ ಕಂಡರೂ ಈಟಿಯ ಹಿಡಿಯಿಂದ ಬೆರಳಿಗೆ ಬಡಿಯುತ್ತಾನೆ. ಇಲ್ಲಿಗೆ ಬರುವ ಮೊದಲು ಆಚೆ ಬೀದಿಯಲ್ಲಿ ಒಂದು ಮುದುಕಿಯ ಮೂರು ಬೆರಳು ಮುರಿದನಂತೆ.

ಆಗಸ್ಟ್ ೮, ಮಂಗಳವಾರ

ಪ್ಲೇಗು ಅರವತ್ತನಾಲ್ಕು. ಚರ್ಚಿನಂಗಳದಲ್ಲಿ ಜಾಗವಿಲ್ಲ. ಹೊಂಡ ತೋಡುವವರು ಮೊನ್ನೆಯ ಹೆಣದ ಮೇಲೆ ನಿಂತು ಇವತ್ತಿನದಕ್ಕೆ ತೋಡುತ್ತಾರೆ. ಗುದ್ದಲಿಗೆ ಕೈ ಕಾಲು ಸಿಕ್ಕುತ್ತವೆ. ನಿನ್ನೆ ಇಬ್ಬರು ಒಂದು ಹೆಣದ ಬೂಟಿಗೆ ಜಗಳವಾಡಿ, ಒಬ್ಬ ಇನ್ನೊಬ್ಬನ ಕಣ್ಣು ಕಿತ್ತ.

ಇದರ ನಡುವೆಯೂ ಒಂದು ಒಳ್ಳೆಯ ವಿಷಯ ಕಂಡುಹಿಡಿದೆ. ನಮ್ಮ ಕೇರಿಯಲ್ಲಿ ಈತನಕ ಮೂವತ್ತೊಂದು ಮನೆಗಳಿಗೆ ಬೀಗ ಬಿದ್ದಿದೆ. ಅದರಲ್ಲಿ ಮೂವತ್ತು ಮನೆಗಳಲ್ಲಿ ಮೊದಲ ಸಾವಾಗಿ ಹತ್ತು ದಿನದೊಳಗೆ ಎರಡನೆಯವರು ಮಲಗಿದ್ದಾರೆ. ಇಂಥ ನಿಯಮ ಯಾವ ವೈದ್ಯನ ಪುಸ್ತಕದಲ್ಲೂ ಇಲ್ಲ! ಪಂಡಿತರು ಬೆರಗಾಗಬೇಕು. ಒಂದೇ ಒಂದು ಅಪವಾದ ಹಾಸ್ಕಿನ್ ಮನೆ, ಅಂದರೆ ಗಿಲ್ಬರ್ಟನದು. ಇಪ್ಪತ್ತೆರಡು ದಿನವಾದರೂ ಮೂವರಿಗೂ (ಕೆಲಸದವಳೂ ಸೇರಿ) ಒಂದು ಸೀನೂ ಬಂದಿಲ್ಲ. ಕಾರಣ ತಿಳಿಯದು. ಪೀಪಾಯಿಯ ಓಕ್ ಮರದ ಗುಣವೋ ಏನೋ. ಅಡಿಟಿಪ್ಪಣಿಯಲ್ಲಿ ಹಾಕಬೇಕು.

ಆಗಸ್ಟ್ ೧೧, ಶುಕ್ರವಾರ

ಓಕ್ ಮರವಂತೆ. ಥೂ ನನ್ನ ಬುದ್ಧಿಗಿಷ್ಟು.

ಇವತ್ತು ಒಂದು ಕೂಸಿನ ಹೆಣದ ಹತ್ತಿರ ಕ್ರೌಚ್‌ಳನ್ನು ಕೇಳಿದೆ, ಗಿಲ್ಬರ್ಟನ ಮನೆ ಮಾತ್ರ ಅಪವಾದ ಏಕಾಯಿತೆಂದು. ಅವಳು ಹಿಂದೆ ಸರಿದು, ಎರಡೂ ಕೈ ಕಿವಿಗೆ ಮುಚ್ಚಿಕೊಂಡು, "ಹೊಡೆಯಲ್ಲ ಅಂದ್ರೆ ಹೇಳ್ತೀನಿ," ಎಂದಳು. ಹೊಡೆಯುವುದಿಲ್ಲ ಎಂದೆ.

"ಬೆರಳಿಟ್ಟು ಒತ್ತಿ ಸ್ವಾಮಿ ಈ ಚುಕ್ಕೇನ."

ಒತ್ತಿದೆ. ಚರ್ಮದೊಳಗೆ ಬಟಾಣಿ ಕಾಳು ಹುಗಿದಂತೆ ಗಟ್ಟಿ.

"ಇದು ಪ್ಲೇಗು. ಈಗ ಇಲ್ಲಿ ನೋಡಿ." ತನ್ನ ಮೊಣಕೈ ತೋರಿಸಿದಳು, ಕೆಂಪು ಚುಕ್ಕೆಗಳಿದ್ದವು. ಒತ್ತಿದೆ. ಬರೀ ಚರ್ಮ, ಮೆತ್ತಗೆ.

"ಇದು ಚಿಗಟ ಕಚ್ಚಿದ್ದು. ನಾಯಿ ಸತ್ರೆ ಅದರ ಮೈಮೇಲಿನ ಚಿಗಟ ಎಲ್ಲಿಗೆ ಹೋಗ್ಬೇಕು ಹೇಳಿ? ತೊಟ್ಟಿಲಿಗೆ ಹೋದ್ವು. ಹೆಣ ನೋಡೋ ಯಾವ ಹೆಂಗ್ಸೂ ಒತ್ತದೆ ಹೇಳಲ್ಲ. ನಾನು ಒತ್ತಿ ನೋಡೇ ಹಲ್ಲು ಅಂದಿದ್ದು. ನೀವು ಒತ್ತಿದ್ರಾ?"

ನಾನು ಒತ್ತಲಿಲ್ಲ. ಮಗುವನ್ನು ಮುಟ್ಟಲೇ ಇಲ್ಲ. ಕೋಲಿನಿಂದ ಹೊದಿಕೆ ಎತ್ತಿದೆ, ಕೋಲಿನಿಂದಲೇ ಮುಚ್ಚಿದೆ.

ಆಗಸ್ಟ್ ೧೩, ಭಾನುವಾರ

ಎರಡು ದಿನ ಯೋಚಿಸಿದೆ. ತಪ್ಪಾಗಿದೆ ಎಂದು ಗುಮಾಸ್ತ ಬರೆದುಕೊಟ್ಟರೆ, ಹಿರಿಯರು ಸಹಿ ಹಾಕಿ ಇವತ್ತೇ ಬೀಗ ತೆಗೆಸುತ್ತಾರೆ. ಒಂದು ಸಾಲು ಸಾಕು.

ಆದರೆ ಆ ಪಟ್ಟಿ ಅಚ್ಚಾಗಿಹೋಗಿದೆ. ತನ್ನ ಮೊಮ್ಮಗಳ ಸಾವನ್ನೇ ತಪ್ಪು ಬರೆದವನ ಇಪ್ಪತ್ತೆರಡು ವರ್ಷದ ಲೆಕ್ಕವನ್ನು ಯಾರು ನಂಬುತ್ತಾರೆ? ಬೀಗ ಬಿದ್ದ ಮನೆಯವರೆಲ್ಲ ನನ್ನ ಬಾಗಿಲಿಗೆ ಬಂದು, ನಮ್ಮದೂ ಚಿಗಟವೇ ಎನ್ನುವುದಿಲ್ಲವೇ? ಇಷ್ಟಕ್ಕೂ ನಲವತ್ತು ದಿನಕ್ಕೆ ಇನ್ನು ಹದಿಮೂರೇ ದಿನ. ಮೂವರೂ ಗಟ್ಟಿಯಾಗಿದ್ದಾರೆ. ಇಪ್ಪತ್ತಾರನೇ ತಾರೀಖು ಬೀಗ ತಾನಾಗಿ ತೆರೆಯುತ್ತದೆ, ಪೇಶೆನ್ಸ್ ಹೊರಗೆ ಬರುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಕಾಯುವುದೇ ಸರಿ. ಕೋಳಿ ಕಳಿಸಿದೆ.

ಆಗಸ್ಟ್ ೧೬, ಬುಧವಾರ

ಬೀಗ ಹಾಕಿದ ಮನೆಗೆಲ್ಲ ರೋಗಿಗಳನ್ನು ನೋಡಿಕೊಳ್ಳಲು ಚರ್ಚು ನೇಮಿಸಿದ ಆರೈಕೆಯವಳು ಇರಬೇಕೆಂಬುದು ನಿಯಮ. ಇಷ್ಟು ದಿನ ಯಾರಿಗೂ ಬಿಡುವಿರಲಿಲ್ಲ. ಇವತ್ತು ಪೆಲ್ ಎಂಬವಳು ಬಿಡುವಾದಳು, ಅವಳು ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲವಾದ್ದರಿಂದ. ನೇರ ಅಲ್ಲಿಂದ ಗಂಟು ಹೊತ್ತುಕೊಂಡು ಪೇಶೆನ್ಸ್ ಮನೆಗೆ ಬಂದಳು. ಗಿಲ್ಬರ್ಟ್ ಬಾಗಿಲಿಗೆ ಅಡ್ಡ ನಿಂತು ಬೇಡ ಬೇಡ ಎಂದು ಕೂಗಿದ. ಸ್ಟಾರ್ಕಿ ಈಟಿಯ ಹಿಡಿಯಿಂದ ಅವನ ಬಾಯಿಗೆ ಗುದ್ದಿ ಅವಳನ್ನು ಒಳಗೆ ತಳ್ಳಿದ.

ಅವಳನ್ನು ಕಳಿಸಿದ ಕಾಗದಕ್ಕೆ ಸಹಿ ನನ್ನದೇ. ನಿಯಮ.

ಆಗಸ್ಟ್ ೨೪, ಗುರುವಾರ

ಗಿಲ್ಬರ್ಟ್ ಸತ್ತ. ತೊಡೆಸಂದಿಯಲ್ಲಿ ಗೆಡ್ಡೆ. ನೋವು ತಾಳಲಾರದೆ ತಲೆಯನ್ನು ಪೀಪಾಯಿಯ ಕಬ್ಬಿಣದ ಪಟ್ಟಿಗೆ ಚಚ್ಚಿಕೊಂಡನಂತೆ. ಕೆಲಸದವಳು ನಿನ್ನೆಯೇ ಹೋದಳು. ಕ್ರೌಚ್ ಈ ಸಲ ನನ್ನನ್ನು ಒಳಗೆ ಕರೆದು, "ಬನ್ನಿ, ಒತ್ತಿ ನೋಡಿ," ಎಂದಳು. ಹೊಡೆಯಲು ಕೈ ಏಳಲಿಲ್ಲ.

ಹೊಸ ಸಾವಾದರೆ ನಲವತ್ತು ದಿನ ಮೊದಲಿನಿಂದ. ಅಕ್ಟೋಬರ್ ಮೂರು.

ಎರಡೇ ದಿನ ಬಾಕಿ ಇತ್ತು.

ಆಗಸ್ಟ್ ೨೯

ಪ್ಲೇಗು ನೂರ ತೊಂಬತ್ತು. ಹಲ್ಲಿಗೂ ಜ್ವರಕ್ಕೂ ಯಾರೂ ಸಾಯುತ್ತಿಲ್ಲ. ಕೋಷ್ಟಕ ತೆರೆಯಲಿಲ್ಲ.

ಹಿರಿಯರ ಹತ್ತಿರ ಹೋಗಿದ್ದೆ. ತಪ್ಪಾಯಿತು, ಮೊದಲ ಸಾವು ಪ್ಲೇಗಲ್ಲ ಎಂದೆ. "ಆ ಮಾತನ್ನ ಮೊದಲೇ ಹೇಳೋದು ತಾನೇ ಪೆನ್ನಿಕ್? ಈಗಂತೂ ಅದು ಪ್ಲೇಗು ಮನೆ," ಎಂದರು. ನಿಜ.

ಸೆಪ್ಟೆಂಬರ್ ೨, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಮಧ್ಯಾಹ್ನ ಹೋದೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಕಲ್ಲುಗಳ ನಡುವೆ ಹುಲ್ಲು ಬೆಳೆದಿದೆ. ಪೇಶೆನ್ಸ್ ಮಾಳಿಗೆ ಕಿಟಕಿಯಲ್ಲಿ ಕಂಡಳು. ಆರೈಕೆಯವಳು ಪೆಲ್ ಸತ್ತು ಮೂರು ದಿನವಾಯಿತು, ಒಲೆಯ ಮುಂದೆ ಬಿದ್ದಿದ್ದಾಳೆ, ಹೆಣದ ಗಾಡಿ ಬಂದಿಲ್ಲ, ಮೂಗು ಬಿಡಲು ಆಗುತ್ತಿಲ್ಲ ಎಂದಳು. ಪೇಶೆನ್ಸ್ ಮೈಮೇಲೆ ಏನೂ ಇಲ್ಲವಂತೆ. ಅವಳನ್ನು ಮಾತ್ರ ರೋಗ ಬಿಟ್ಟಿದೆ.

"ಸ್ಟಾರ್ಕಿ, ಬಾಗಿಲು ತೆಗಿಯಪ್ಪ. ಹೊಣೆ ನಂದು."

"ನಾಲ್ಕನೇ ಹೆಣ ಬಿದ್ದು ಮೂರು ದಿನ. ಇನ್ನು ಮೂವತ್ತೇಳು ದಿನ ಗುಮಾಸ್ತರೇ. ಎಣಿಸೋದು ನಿಮ್ಮಿಂದಲೇ ಕಲ್ತಿದ್ದು," ಎಂದ. ಗೋಡೆಗೆ ಒರಗಿ ಸೇಬು ತಿನ್ನುತ್ತಿದ್ದ.

ಪೇಶೆನ್ಸ್ ಹಲಗೆ ಕಿತ್ತಿದ್ದ ಕೆಳಗಿನ ಕಿಟಕಿಯಿಂದ ಒಂದು ಕಾಲು ಹೊರಗೆ ಹಾಕಿದಳು. ಸ್ಟಾರ್ಕಿ ಸೇಬು ಬಿಸಾಡಿ ಈಟಿ ತಿವಿದ. ಅವಳ ಅಂಗೈ ಸೀಳಿತು. ಅವಳು ಆ ಕೈಯಿಂದಲೇ ಈಟಿಯ ಅಲಗು ಹಿಡಿದುಕೊಂಡಳು. ಅವನು ಅಲಗನ್ನು ಹಿಂದಕ್ಕೆಳೆದು ಇನ್ನೊಮ್ಮೆ ತಿವಿಯಲು ಕಾಲೂರಿದ.

ಮೊದಲ ಏಟು ಹಿಂದಲೆಗೆ. ಮಂಡಿ ಊರಿದ. ಎರಡನೆಯದಕ್ಕೆ ಕಿವಿ ಹರಿದು ಜೋತಿತು. ತಿರುಗಿ, "ಗುಮಾಸ್ತರೇ, ನಾನು, ನಾನು ಸ್ಟಾರ್ಕಿ," ಎಂದ, ಗುರುತು ಸಿಗದೆ ಹೊಡೆಯುತ್ತಿದ್ದೇನೆ ಎಂದುಕೊಂಡನೋ ಏನೋ. ಮೂರನೆಯದು ಬಾಯಿಗೆ. ನಾಲ್ಕನೆಯದಕ್ಕೆ ತಲೆ ಒಡೆಯಿತು, ಕಬ್ಬಿಣದ ಬಳೆ ಒಳಗೆ ಸಿಕ್ಕಿಕೊಂಡಿತು, ಕಾಲಿಟ್ಟು ಎಳೆಯಬೇಕಾಯಿತು. ಐದು, ಆರು, ಏಳು. ಎಣಿಸಿದೆ. ಏಳಕ್ಕೆ ಕಾಲು ಅಲ್ಲಾಡುವುದು ನಿಂತಿತು.

ಸೊಂಟದ ಬೀಗದಕೈ ತೆಗೆದು ಬಾಗಿಲು ತೆರೆದೆ. ಪೇಶೆನ್ಸ್ ಹೊರಗೆ ಬಂದಳು. ಕೈಯಿಂದ ರಕ್ತ ಸುರಿಯುತ್ತಿತ್ತು, ಕಟ್ಟೋಣವೆಂದು ಹತ್ತಿರ ಹೋದೆ.

"ಮುಟ್ಬೇಡಿ," ಎಂದಳು. "ಮಗೂನ ಮುಟ್ಟಿ ನೋಡ್ಲಿಲ್ಲ ನೀವು. ನನ್ನೂ ಮುಟ್ಬೇಡಿ."

ಊರು ದಾಟಲು ಆರೋಗ್ಯದ ಚೀಟಿ ಬೇಕು. ಅಲ್ಲೇ ಮಂಡಿಯ ಮೇಲಿಟ್ಟು ಬರೆದುಕೊಟ್ಟೆ, ಈ ಹೆಂಗಸಿಗೆ ಯಾವ ರೋಗವೂ ಇಲ್ಲ ಎಂದು. ಚೀಟಿಯ ತುದಿ ಹಿಡಿದು ತೆಗೆದುಕೊಂಡಳು. ಗಿಲ್ಬರ್ಟನ ಕೋಟು ಹೊದ್ದು ಉತ್ತರದ ರಸ್ತೆ ಹಿಡಿದಳು. ತಿರುವಿನವರೆಗೂ ನೋಡಿದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಸಂಜೆ ಹೆಣದ ಗಾಡಿ ಬಂತು. ಪೆಲ್ ಮತ್ತು ಸ್ಟಾರ್ಕಿಯನ್ನು ಒಟ್ಟಿಗೆ ಹಾಕಿಕೊಂಡರು, ಏನೂ ಕೇಳಲಿಲ್ಲ.

ಸೆಪ್ಟೆಂಬರ್ ೫, ಮಂಗಳವಾರ

ಕ್ರೌಚ್ ಬಂದಳು. ಈಗೀಗ ಒಳಗೆ ಬರುವುದಿಲ್ಲ, ಹೊಸ್ತಿಲಾಚೆ ನಿಂತೇ ವರದಿ ಒಪ್ಪಿಸುತ್ತಾಳೆ. ಇನ್ನೂರ ಹನ್ನೊಂದು ಹೇಳಿ ನಿಲ್ಲಿಸಿದಳು.

"ಇನ್ನೊಂದಿದೆ. ಕಾವಲಿನ ಸ್ಟಾರ್ಕಿ. ಗಾಡಿ ಹತ್ರ ಹೋಗಿ ನೋಡ್ದೆ."

ಲೇಖನಿಯನ್ನು ಶಾಯಿಯಲ್ಲಿ ಅದ್ದಿದೆ.

"ತಲೇಲಿ ತಲೆ ಉಳಿದಿಲ್ಲ," ಎಂದಳು. ಆಮೇಲೆ ಮೂಲೆಯಲ್ಲಿದ್ದ ಕೋಲನ್ನು ನೋಡಿದಳು, ನನ್ನನ್ನು ನೋಡಿದಳು. "ಪ್ಲೇಗು ಮನೆ ಬಾಗಿಲಲ್ಲಿ ಸತ್ತೋನು ಪ್ಲೇಗು. ನೀವೇ ಹೇಳ್ಕೊಟ್ಟಿದ್ದು ಸ್ವಾಮಿ. ಬರ್ಕೊಳ್ಳಿ. ಒಂದು ಜಾಸ್ತಿಯಾದ್ರೆ ಯಾರಿಗೆ ತಿಳಿಯುತ್ತೆ?"

ಬರೆದೆ. ಅವಳು ಹೋದಳು.

ಕೋಲು ತೊಳೆದೆ. ಬಳೆಯ ಸಂದಿಯಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಒರೆಸುವಾಗ ಹಿಡಿಯ ಮೇಲೆ ಹೆಬ್ಬೆರಳಿಗೆ ಏನೋ ತಗುಲಿತು. ಎರಡು ಪುಟ್ಟ ಗುಳಿ. ಒತ್ತಿ ನೋಡಿದೆ. ಬಹಳ ಹೊತ್ತು ಒತ್ತಿಕೊಂಡೇ ಕೂತೆ.

ಆಮೇಲೆ ಜುಲೈ ಹದಿನೆಂಟರ ಹಾಳೆ ತೆಗೆದು ನನ್ನ ಪ್ರತಿಯಲ್ಲಿ ತಿದ್ದಿದೆ. ಪ್ಲೇಗು ಹದಿನೇಳು ಹೊಡೆದು ಹದಿನಾರು ಮಾಡಿದೆ. ಹಲ್ಲು ಇಲ್ಲ ಎಂದಿದ್ದನ್ನು ಹೊಡೆದು ಹಲ್ಲು ಒಂದು ಎಂದು ಬರೆದೆ. ಅಲ್ಲಿ ಪ್ಲೇಗಿನಲ್ಲಿ ಒಂದು ಕಡಿಮೆಯಾಯಿತು, ಇಲ್ಲಿ ಒಂದು ಸೇರಿತು. ವರ್ಷದ ಪ್ಲೇಗಿನ ಮೊತ್ತ ಇದ್ದ ಹಾಗೇ ಇದೆ.

ಕೊಲೆ: ಇಲ್ಲ.